ಕಿಸೆಗೆ ಹಗುರ, ಕೈಗೆ ಜೋರು: ಸಣ್ಣ ಪಿಸ್ತೂಲು ಹೆಚ್ಚು ಒದೆಯೋದು ಯಾಕೆ?

ಬೆಳಗಾವಿ/ಖಾನಾಪುರ: ಆತ್ಮರಕ್ಷಣೆಗೆ ಅಂತ ಬಂದೂಕು ಪರವಾನಗಿ ಮಾಡಿಸೋ ವ್ಯಾಪಾರಿಗಳಲ್ಲಿ ಒಂದು ಮಾತು ಓಡಾಡುತ್ತದೆ: ‘ಸಣ್ಣದಿದ್ರ ಚಲೋ, ಕಿಸೆದಾಗ ಕೂಡ್ತೈತಿ, ಒದಿಯೂದೂ ಕಡಿಮಿ.’ ಕಿಸೆಯ ಮಾತು ಖರೆ. ಒದೆತದ ಮಾತು ಪೂರ್ತಿ ಉಲ್ಟಾ. ಒಂದೇ ನಮೂನೆಯ ಕಾಡತೂಸನ್ನು ದೊಡ್ಡ ಪಿಸ್ತೂಲಿಗೂ ಸಣ್ಣದಕ್ಕೂ ಹಾಕಿ ಹೊಡೆದರೆ ಜಾಸ್ತಿ ಝಟಕಾ ಕೊಡೋದು ಸಣ್ಣದೇ. ಖಡೇಬಜಾರ, ಗಣಪತ ಗಲ್ಲಿಯಂಥ ಗದ್ದಲದ ಜಾಗದಲ್ಲಿ ಅಂಗಡಿ ಇರುವವರಿಗೆ ಇದು ಬರೀ ವಿಜ್ಞಾನದ ಪಾಠ ಅಲ್ಲ. ಝಟಕಾಕ್ಕೆ ಕೈ ಎದ್ದರೆ ಎರಡನೇ ಗುಂಡು ಯಾರ ಕಡೆ ಹೋಗುತ್ತದೆ ಅನ್ನೋ ಪ್ರಶ್ನೆ.

ಮಲಪ್ರಭೆಯಲ್ಲಿ ದೋಣಿಯಿಂದ ದಂಡೆಗೆ ಜಿಗಿದವರಿಗೆ ಗೊತ್ತು, ನಾವು ಮುಂದೆ ಹಾರಿದರೆ ದೋಣಿ ಹಿಂದೆ ಸರಿಯುತ್ತದೆ. ದೋಣಿ ಹಗುರ ಇದ್ದಷ್ಟೂ ಜೋರಾಗಿ ಸರಿಯುತ್ತದೆ. ಗುಂಡು ಮತ್ತು ಪಿಸ್ತೂಲಿನ ಸಂಬಂಧವೂ ಹೀಗೇ. (ನನ್ನ ಫಿಸಿಕ್ಸ್ ಪಿಯುಸಿಗೇ ಮುಗಿದದ್ದು, ಆದರೆ ನ್ಯೂಟನ್‌ನ ಮೂರನೇ ನಿಯಮಕ್ಕೆ ಅಷ್ಟು ಸಾಕು.)

ಲೆಕ್ಕ ನೋಡೋಣ. ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್ ಸುಮಾರು 700 ಗ್ರಾಂ ತೂಗುತ್ತದೆ. 2014ರಲ್ಲಿ ಅದೇ ಕಾನ್ಪುರದಿಂದ ಮಹಿಳೆಯರಿಗಾಗಿ ಬಂದ ‘ನಿರ್ಭೀಕ್’ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ಅದೂ .32. ಎರಡರಲ್ಲೂ ಒಂದೇ ಕಾಡತೂಸು ಹೊಡೆದರೆ ಹಗುರದ್ದು ಹಿಂದಕ್ಕೆ ಬರುವ ಶಕ್ತಿ ಶೇ 40ರಷ್ಟು ಹೆಚ್ಚು, ಏಕೆಂದರೆ 700ನ್ನು 500ರಿಂದ ಭಾಗಿಸಿದರೆ 1.4. ಸೇನೆ, ಪೊಲೀಸರ ಹಳೆಯ 9 ಎಂಎಂ ಪಿಸ್ತೂಲಿನ ತೂಕ 900 ಗ್ರಾಂ ಆಸುಪಾಸು. ಆ ಕಾಡತೂಸನ್ನು ಅರ್ಧ ಕೆಜಿಯ ಪಿಸ್ತೂಲಿನಲ್ಲಿ ಹೊಡೆದರೆ ಒದೆತ ಹೆಚ್ಚೂಕಡಿಮೆ ದುಪ್ಪಟ್ಟು. (9 ಎಂಎಂ ನಮ್ಮ ನಿಮ್ಮಂಥವರಿಗೆ ನಿಷೇಧಿತ ಬೋರ್, ಪರವಾನಗಿ ಸಿಗಲ್ಲ ಬಿಡಿ.) ಸಣ್ಣದರ ನಳಿಕೆ ಗಿಡ್ಡ, ಹಾಗಾಗಿ ಗುಂಡಿನ ವೇಗ ಸ್ವಲ್ಪ ತಗ್ಗುತ್ತದೆ ನಿಜ. ಆದರೆ ತೂಕ ಅದಕ್ಕಿಂತ ಬಹಳ ತಗ್ಗಿರುತ್ತದೆ. ಮೇಲಾಗಿ ಗಿಡ್ಡ ನಳಿಕೆಯ ಬಾಯಲ್ಲಿ ಬೆಂಕಿ, ಸದ್ದು ಎರಡೂ ಜಾಸ್ತಿ. ಅದಕ್ಕೇ ಮನುಷ್ಯ ಬೆಚ್ಚಿಬೀಳೋದು.

ಖಾನಾಪುರದ ರೈತರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಬೆಳೆ ಕಾಯೋಕೆ ಇಟ್ಟ 12 ಬೋರ್ ಬಂದೂಕು ಮೂರು ಕೆಜಿ ಇದ್ದರೂ ಭುಜಕ್ಕೆ ಹಾಗೆ ಗುದ್ದುತ್ತದಲ್ಲ? ಅದರ ಒಂದು ಕಾಡತೂಸಿನಿಂದ ಸುಮಾರು 30 ಗ್ರಾಂ ಛರ್ರೆ ಹೊರಗೆ ಹಾರುತ್ತದೆ, .32ರ ಗುಂಡು ಆರು ಗ್ರಾಂ ಆಸುಪಾಸು ಅಷ್ಟೇ. ಒದೆತ ರಿವಾಲ್ವರಿನ ಹತ್ತು ಪಟ್ಟಿಗೂ ಹೆಚ್ಚು. ಆದರೆ ಅದನ್ನು ತಡೆಯೋದು ಇಡೀ ಮೈ. ಹಿಡಿ ಭುಜಕ್ಕೆ ಬಿಗಿಯಾಗಿ ಒತ್ತಿದ್ದರೆ ತಳ್ಳಿದ ಹಾಗೆ ಅನಿಸುತ್ತದೆ, ಸಡಿಲ ಇದ್ದರೆ ಗುದ್ದಿದ ಹಾಗೆ. ಪಿಸ್ತೂಲಿಗೆ ಭುಜದ ಆಸರೆ ಇಲ್ಲ, ಎಲ್ಲಾ ಮಣಿಕಟ್ಟಿನ ಮೇಲೆ.

ಇನ್ನು ಮೂತಿ ಮೇಲೇಳುವ ವಿಷಯ. ಸುತ್ತಿಗೆಯ ಕಾವು ಹಿಡಿದು ನಿಂತಾಗ ಯಾರಾದರೂ ಅದರ ತಲೆಗೆ ಎದುರಿನಿಂದ ತಳ್ಳಿದರೆ ಮಣಿಕಟ್ಟು ಹಿಂದಕ್ಕೆ ತಿರುಗುತ್ತದೆ. ಪಿಸ್ತೂಲಿನಲ್ಲೂ ನಳಿಕೆ ಮೇಲೆ, ಹಿಡಿಕೆ ಕೆಳಗೆ. ಇವೆರಡರ ಅಂತರ ಹೆಚ್ಚಾದಷ್ಟೂ ಮೂತಿ ಜಾಸ್ತಿ ಏಳುತ್ತದೆ. ಸಾಮಾನ್ಯ ರಿವಾಲ್ವರಿನಲ್ಲಿ ಗುಂಡು ಸಿಲಿಂಡರಿನ ಮೇಲ್ಗಡೆಯ ತೂತಿನಿಂದ ಹೋಗುತ್ತದೆ, ಅದಕ್ಕೇ ಅಂತರ ಜಾಸ್ತಿ. ಉದ್ದ ನಳಿಕೆ ಇದ್ದರೆ ಮುಂದಿನ ಭಾರ ಮೂತಿಯನ್ನು ಸ್ವಲ್ಪ ತಡೆಯುತ್ತದೆ. ಸಣ್ಣದಕ್ಕೆ ಆ ಭಾರವೂ ಇಲ್ಲ, ಹಿಡಿಕೆಯಲ್ಲಿ ಕಿರುಬೆರಳಿಗೆ ಜಾಗವೂ ಇಲ್ಲ.

ಮ್ಯಾಗಜಿನ್ ಹಾಕುವ ಪಿಸ್ತೂಲಿನಲ್ಲಿ ಮೇಲಿನ ಸ್ಲೈಡ್ ಹಿಂದೆ ಸರಿದು ಸ್ಪ್ರಿಂಗ್ ಒತ್ತುವುದರಿಂದ ಝಟಕಾ ಕ್ಷಣದಷ್ಟು ಹಂಚಿಹೋಗುತ್ತದೆ. ಆದರೆ ಹಿಡಿತ ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಕಾಡತೂಸು ಸಿಕ್ಕಿಹಾಕಿಕೊಳ್ಳಬಹುದು. ರಿವಾಲ್ವರಿಗೆ ಆ ತಾಪತ್ರಯ ಇಲ್ಲ.

ಅಭ್ಯಾಸದ ವಿಷಯಕ್ಕೆ ಬಂದರೆ, ನಮ್ಮ ಊರು ಗುಂಡಿನ ಸದ್ದಿಗೆ ಹೊಸದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ ಇದೆ, ಖಾನಾಪುರದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಅಲ್ಲಿಯವರು ಹೊಡೆದು ಹೊಡೆದು ಕೈ ಪಳಗಿಸಿಕೊಳ್ಳುತ್ತಾರೆ. ನಮ್ಮ ಎಷ್ಟೋ ಅಂಗಡಿಕಾರರ ರಿವಾಲ್ವರ್ ತಿಜೋರಿಯಿಂದ ಹೊರಗೆ ಬರೋದು ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡೋಕೆ ಮಾತ್ರ! 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಮಾತಿದೆ. ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಶಿಬಿರ ಇದ್ದಾಗ ಹೆಸರು ಕೊಡಿ.

ಕಾನೂನಿನ ಕಡೆ ಒಂದು ಕಣ್ಣಿರಲಿ. 2019ರ ತಿದ್ದುಪಡಿ ಪ್ರಕಾರ ಇನ್ನೊಬ್ಬರ ಜೀವಕ್ಕೆ ಅಪಾಯ ಆಗುವಂತೆ ಬೇಜವಾಬ್ದಾರಿಯಿಂದ ಅಥವಾ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ವರಾತದಲ್ಲಿ ಹಾರಿಸುವವರಿಗೂ ಇದು ಅನ್ವಯ.

ಖರೀದಿಗೆ ಹೋದಾಗ ಖಾಲಿ ಇದೆಯೋ ನೋಡಿಕೊಂಡೇ ಕೈಯಲ್ಲಿ ಹಿಡಿಯಿರಿ. ಐದೂ ಬೆರಳಿಗೆ ಜಾಗ ಇದೆಯಾ, ಅಂಗೈ ಎಷ್ಟು ಮೇಲಕ್ಕೆ ಹತ್ತುತ್ತದೆ, ಮತ್ತೊಂದು ಕೈ ಆಸರೆಗೆ ಕೂರುತ್ತದಾ ನೋಡಿ. ಎರಡು ಮಾದರಿಯ ನಡುವೆ ಅನುಮಾನ ಇದ್ದರೆ ಇನ್ನೂರು ಗ್ರಾಂ ಜಾಸ್ತಿ ಇರೋದನ್ನೇ ತಗೊಳ್ಳಿ.