ರೂಪಕುಂಡ: ಹಾಡು ಸಿಗದವರು

ನನ್ನ ಹಳೆಯ ಫೋನಿನಲ್ಲಿ ಒಂದು ಫೋಟೋ ಇದೆ, 2017ರ ಸೆಪ್ಟೆಂಬರಿನದು. ಚಪ್ಪಟೆ ಬಂಡೆಯ ಮೇಲೆ ಒಂದು ತಲೆಬುರುಡೆ, ಅದರ ಎರಡೂ ಪಕ್ಕ ತೊಡೆಯ ಮೂಳೆಗಳು, ಹಿಂದೆ ಹಸಿರುಗಟ್ಟಿದ ನೀರು, ಅದರಾಚೆ ಮಂಜು. ಬಹಳ ದಿನ ಆ ಚಿತ್ರವನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತಿದ್ದೆ. ಈಗ ತೋರಿಸುವುದಿಲ್ಲ. ಆ ಮೂಳೆಗಳನ್ನು ಹಾಗೆ ಜೋಡಿಸಿಟ್ಟವನು ನಾನೇ.

ರೂಪಕುಂಡ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ತ್ರಿಶೂಲ ಪರ್ವತದ ಮಗ್ಗುಲಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿರುವ ಪುಟ್ಟ ಕೊಳ. ಅಡ್ಡಳತೆ ಸುಮಾರು 40 ಮೀಟರ್. ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳ ಕಲ್ಯಾಣಿಗಳು ಇದಕ್ಕಿಂತ ದೊಡ್ಡವು. ವರ್ಷದ ಹೆಚ್ಚಿನ ಕಾಲ ಅದು ಹೆಪ್ಪುಗಟ್ಟಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಿಮ ಕರಗಿದಾಗ ದಡದಲ್ಲೂ ನೀರಿನ ತಳದಲ್ಲೂ ಮನುಷ್ಯರ ಮೂಳೆಗಳು ಕಾಣುತ್ತವೆ. ಒಬ್ಬಿಬ್ಬರದಲ್ಲ, ನೂರಾರು ಜನರದು. 1942ರಲ್ಲಿ ಹರಿಕಿಶನ್ ಮಧ್ವಾಲ್ ಎಂಬ ಅರಣ್ಯಾಧಿಕಾರಿ ಅವನ್ನು ಕಂಡು ತಿಳಿಸಿದ ಮೇಲೆ ಈ ಸಂಗತಿ ಹೊರಜಗತ್ತಿಗೆ ಮುಟ್ಟಿತು.

ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಇತಿಹಾಸದ ವಿದ್ಯಾರ್ಥಿ ಎಂಬ ಜಂಬ ಇತ್ತು. ಬೆಟ್ಟ ಹತ್ತುವ ಅಭ್ಯಾಸವೆಂದರೆ ಕುಮಾರಪರ್ವತ ಒಂದೇ. ಲೋಹಾಜಂಗ್‌ವರೆಗೆ ಜೀಪು, ಅಲ್ಲಿಂದ ಕಾಲುದಾರಿ. ಮೊದಲೆರಡು ದಿನ ಓಕ್ ಮರಗಳ ಕಾಡು. ಕಾಡು ಮುಗಿದದ್ದೇ ಬುಗಿಯಾಲ್, ಅಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲು ಹಾಸಿದ ಇಳಿಜಾರು. ಬೇದಿನಿ ಬುಗಿಯಾಲಿನವರೆಗೆ ಹಾಡು ಹೇಳಿಕೊಂಡು ನಡೆದವನಿಗೆ ಪಾತರ್ ನಚೌನಿ ದಾಟಿದ ಮೇಲೆ ಮಾತೂ ಬೇಡವಾಯಿತು. ಕಾಲು ವಿನಾಯಕಕ್ಕೆ ಹತ್ತುವ ತಿರುವುಗಳಲ್ಲಿ ಇಪ್ಪತ್ತು ಹೆಜ್ಜೆ, ನಿಲ್ಲುವುದು, ಮತ್ತೆ ಇಪ್ಪತ್ತು ಹೆಜ್ಜೆ. ಅಲ್ಲಿನ ಕರಿಕಲ್ಲಿನ ಗಣಪನಿಗೆ ಕೈಮುಗಿಯುವ ನೆಪದಲ್ಲಿ ಎಲ್ಲರೂ ಕೂತು ಉಸಿರು ತೆಗೆದುಕೊಳ್ಳುತ್ತಾರೆ. ಭಗುವಾಬಾಸಾದ ಕಲ್ಲುಗುಡಿಸಲ ಬಳಿ ರಾತ್ರಿ ಕಳೆದೆವು. ತಲೆ ಸಿಡಿಯುತ್ತಿತ್ತು, ನಿದ್ದೆ ಹತ್ತಲಿಲ್ಲ. ನಸುಕಿಗೆ ನಾಲ್ಕರ ಸುಮಾರಿಗೆ ಹೊರಟು, ಜಾರುವ ಕಲ್ಲುಹುಡಿಯ ಇಳಿಜಾರನ್ನು ಕೈಯೂರಿ ಹತ್ತಿದಾಗ ಕುಂಡ ಕಂಡಿತು.

ದಾರಿಯುದ್ದಕ್ಕೂ ಕಥೆ ಹೇಳಿದವರು ನಮ್ಮ ಮಾರ್ಗದರ್ಶಕರು. ವಾಣ್ ಗ್ರಾಮದವರು, ಐವತ್ತು ದಾಟಿದವರು. ಆ ಸೀಮೆಯ ಜನರಿಗೆ ನಂದಾದೇವಿ ಮನೆಮಗಳು, ಕೈಲಾಸದ ಶಿವನಿಗೆ ಕೊಟ್ಟ ಹೆಣ್ಣು. ಗೌರಿ ಹಬ್ಬಕ್ಕೆ ನಮ್ಮಲ್ಲಿ ಗೌರಿ ತವರಿಗೆ ಬಂದು ಹೋಗುತ್ತಾಳಲ್ಲ, ಹಾಗೆಯೇ. ಅವಳನ್ನು ಗಂಡನ ಮನೆಗೆ ಕಳಿಸಿಕೊಡುವ ದೊಡ್ಡ ಮೆರವಣಿಗೆಗೆ ರಾಜಜಾತ್ ಎಂದು ಹೆಸರು. ಹನ್ನೆರಡು ವರ್ಷಕ್ಕೊಮ್ಮೆ ನಡೆಯಬೇಕೆಂಬುದು ವಾಡಿಕೆ. 2000ದಲ್ಲಿ ನಡೆದದ್ದು, ಆಮೇಲೆ 2014ರಲ್ಲಿ. ನಾಲ್ಕು ಕೊಂಬಿನ ಟಗರು ಮುಂದೆ, ಪಲ್ಲಕ್ಕಿಗಳು ಹಿಂದೆ. ಆ ದಾರಿ ರೂಪಕುಂಡದ ದಡದಲ್ಲೇ ಹಾದು ಹೋಮಕುಂಡಕ್ಕೆ ಹೋಗುತ್ತದೆ.

ಹಿಂದೆ ಕನೌಜಿನ ರಾಜ ಜಸಧವಲ ಈ ಯಾತ್ರೆಗೆ ಬಂದನಂತೆ. ಜೊತೆಗೆ ತುಂಬುಗರ್ಭಿಣಿ ರಾಣಿ, ದಾಸದಾಸಿಯರು, ಕುಣಿಯುವ ಹೆಣ್ಣುಗಳು. ಅವರು ಕುಣಿದ ಜಾಗವೇ ಪಾತರ್ ನಚೌನಿ. ದೇವಿಯ ನೆಲದಲ್ಲಿ ರಾಣಿಗೆ ಹೆರಿಗೆಯಾಗಿ ಮೈಲಿಗೆಯಾಯಿತು. ಮುನಿದ ದೇವಿ ಕಬ್ಬಿಣದಷ್ಟು ಗಟ್ಟಿ ಆಲಿಕಲ್ಲು ಸುರಿಸಿ ಎಲ್ಲರನ್ನೂ ಕೊಂದಳು. ಇದನ್ನು ಅಲ್ಲಿಯ ಹೆಂಗಸರು ಹಾಡಾಗಿ ಹಾಡುತ್ತಾರೆ.

ನಾನು ಕೇಳಿಸಿಕೊಂಡೆ, ನಕ್ಕೆ. ಪುಸ್ತಕ ಓದಿಕೊಂಡು ಹೋಗಿದ್ದವನು ನಾನು. ಮೂಳೆಗಳು ಸಿಕ್ಕ ಕಾಲ ಯುದ್ಧದ ಕಾಲವಾದ್ದರಿಂದ ಜಪಾನಿ ಸೈನಿಕರದಿರಬಹುದೆಂಬ ಶಂಕೆ ಹುಟ್ಟಿತ್ತು. ಮೂಳೆಗಳು ಹಳೆಯವೆಂದು ತಿಳಿದಾಗ ಅದು ಬಿತ್ತು. 1841ರಲ್ಲಿ ಟಿಬೆಟ್ಟಿನಲ್ಲಿ ಸೋತು ಮಡಿದ ಡೋಗ್ರಾ ಸೇನಾನಿ ಜೋರಾವರ್ ಸಿಂಗನ ಅಳಿದುಳಿದ ದಂಡು ಎಂದರು ಕೆಲವರು. ಆದರೆ ಹೆಂಗಸರ ಮೂಳೆಗಳೂ ಇದ್ದವು. ದಂಡಿನ ಕಥೆ ಹೊಂದಲಿಲ್ಲ. 2004ರಲ್ಲಿ ವಿಜ್ಞಾನಿಗಳ ತಂಡವೊಂದು ಹೋಗಿ ಬಂತು. ಆಕ್ಸ್‌ಫರ್ಡ್‌ನ ಕಾರ್ಬನ್ ಪರೀಕ್ಷೆ ಕ್ರಿ.ಶ. 850ರ ಆಸುಪಾಸು ಎಂದಿತು. ಕೆಲವು ಬುರುಡೆಗಳ ಮೇಲ್ಭಾಗದಲ್ಲಿ ದುಂಡನೆಯ ವಸ್ತು ಬಡಿದ ಗುರುತಿತ್ತು. ಕ್ರಿಕೆಟ್ ಚೆಂಡಿನ ಗಾತ್ರದ ಆಲಿಕಲ್ಲು ಎಂದು ತೀರ್ಮಾನವಾಯಿತು.

ನನಗೆ ಅದು ಹಬ್ಬ. 850 ಎಂದರೆ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ, ‘ಕವಿರಾಜಮಾರ್ಗ’ದ ಕಾಲ. ಕನೌಜಿಗಾಗಿ ರಾಷ್ಟ್ರಕೂಟರು, ಪ್ರತೀಹಾರರು, ಪಾಲರು ಬಡಿದಾಡಿದ್ದನ್ನು ಪಾಠದಲ್ಲಿ ಓದಿದ್ದೆ. ಒಂದು ಯಾತ್ರೆ, ಒಂದು ಬಿರುಗಾಳಿ, ಒಂದು ಸಂಜೆ. ಹಾಡಿನಿಂದ ದೇವಿಯನ್ನು ತೆಗೆದರೆ ಉಳಿಯುವುದೇ ಇತಿಹಾಸ ಎಂದುಕೊಂಡೆ. ಅದೇ ಗುಂಗಿನಲ್ಲಿ ದಡದಲ್ಲಿ ಚದುರಿದ್ದ ಮೂಳೆಗಳನ್ನು ಎತ್ತಿ ಬಂಡೆಯ ಮೇಲಿಟ್ಟು ಫೋಟೋ ತೆಗೆದೆ. ನನಗಿಂತ ಮೊದಲು ಬಂದವರೂ ಹಾಗೇ ಮಾಡಿದ್ದರು. ನಮ್ಮ ಮಾರ್ಗದರ್ಶಕರು ಮಾತ್ರ ಚಪ್ಪಲಿ ಬಿಟ್ಟು ದೂರ ನಿಂತಿದ್ದರು. ಬೇಡ ಅನ್ನಲಿಲ್ಲ, ಆದರೆ ಇಳಿಯುವಾಗ ಕಥೆಯನ್ನೂ ಹೇಳಲಿಲ್ಲ.

2019ರ ಆಗಸ್ಟಿನಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಹೈದರಾಬಾದಿನ ಸಿಸಿಎಂಬಿ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಹಾರ್ವರ್ಡ್ ಮೊದಲಾದ ಕಡೆಯ ವಿಜ್ಞಾನಿಗಳು ರೂಪಕುಂಡದ 38 ಜನರ ಮೂಳೆಗಳಿಂದ ಡಿಎನ್‌ಎ ತೆಗೆದಿದ್ದರು. 23 ಗಂಡಸರು, 15 ಹೆಂಗಸರು. ಹತ್ತಿರದ ರಕ್ತಸಂಬಂಧಿಗಳು ಯಾರೂ ಇಲ್ಲ. ಅವರಲ್ಲಿ 23 ಜನ ದಕ್ಷಿಣ ಏಷ್ಯಾದವರು. ಅವರೂ ಒಂದೇ ದಿನ ಸತ್ತವರಲ್ಲ, ಏಳರಿಂದ ಹತ್ತನೆಯ ಶತಮಾನದ ನಡುವೆ ಬೇರೆ ಬೇರೆ ಸಲ ಸತ್ತವರು. ಇನ್ನು 14 ಜನರ ವಂಶವಾಹಿ ಇಂದಿನ ಗ್ರೀಸ್ ಮತ್ತು ಕ್ರೀಟ್ ದ್ವೀಪದ ಜನರಿಗೆ ತೀರ ಹತ್ತಿರ. ಒಬ್ಬ ಆಗ್ನೇಯ ಏಷ್ಯಾ ಮೂಲದವನು. ಈ ಹದಿನೈದು ಜನ ಸತ್ತದ್ದು ಒಂಬತ್ತನೆಯ ಶತಮಾನದಲ್ಲಲ್ಲ, ಸುಮಾರು 1800ರಲ್ಲಿ.

ಮೂಳೆ ಅವರ ಊಟವನ್ನೂ ಹೇಳಿತು. ನವಣೆ, ಸಾಮೆಯಂಥ ಧಾನ್ಯಗಳನ್ನು ತಿಂದವರ ಮೂಳೆಯಲ್ಲಿ ಇಂಗಾಲದ ಗುರುತು ಬೇರೆ, ಗೋಧಿ, ಬಾರ್ಲಿ ತಿಂದವರದು ಬೇರೆ. ಹಳೆಯ ಗುಂಪಿನವರ ಊಟ ಮಿಶ್ರವಾಗಿತ್ತು. ಆ ಹದಿನಾಲ್ಕು ಜನರದರಲ್ಲಿ ಕಿರುಧಾನ್ಯದ ಗುರುತು ಬಹಳ ಕಡಿಮೆ. ಎಂದರೆ ಅಲೆಕ್ಸಾಂಡರನ ಕಾಲದಲ್ಲಿ ಬಂದು ಇಲ್ಲೇ ನೆಲೆಸಿದವರ ಮೊಮ್ಮಕ್ಕಳಲ್ಲ. ದೂರದ ನೆಲದ ಅನ್ನ ಉಂಡು ಬೆಳೆದವರು.

ಆ ಪ್ರಬಂಧ ಓದಿದ ರಾತ್ರಿ ಫೋಟೋ ತೆಗೆದು ನೋಡಿದೆ. ಬುರುಡೆ ಯಾವ ಗುಂಪಿನದು? ಒಂದು ತೊಡೆಮೂಳೆ ಒಂಬತ್ತನೆಯ ಶತಮಾನದ್ದಾಗಿ, ಇನ್ನೊಂದು ಅದಕ್ಕಿಂತ ಸಾವಿರ ವರ್ಷ ಈಚಿನದಾಗಿದ್ದರೆ? ಎಲ್ಲೆಲ್ಲಿಯವೋ ಮೂಳೆಗಳನ್ನು ಕೂಡಿಸಿ ನಾನು ಒಬ್ಬನೇ ಮನುಷ್ಯನನ್ನು ಮಾಡಿಬಿಟ್ಟಿದ್ದೆ. ತಲೆಯೊಳಗೆ ಮಾಡಿದ್ದೂ ಅದನ್ನೇ: ಹಲವು ಸಾವುಗಳನ್ನು ಒಟ್ಟುಗೂಡಿಸಿ ಒಂದೇ ಚೆಂದದ ಕಥೆ. ಅಲ್ಲಿ ಕಲ್ಲುಗಳೂ ಹಿಮವೂ ಜಾರಿ ಮೂಳೆಗಳು ಮೊದಲೇ ಕಲಸಿಹೋಗಿವೆ. ಅದರ ಮೇಲೆ ಬಂದವರೆಲ್ಲ ಎತ್ತಿದ್ದಾರೆ, ಜೋಡಿಸಿದ್ದಾರೆ, ಕೆಲವರು ಹೊತ್ತೊಯ್ದಿದ್ದಾರೆ. ಯಾರ ಪಕ್ಕ ಯಾರು ಬಿದ್ದಿದ್ದರು ಎಂಬುದೇ ದೊಡ್ಡ ಸಾಕ್ಷ್ಯವಾಗುತ್ತಿತ್ತು. ಅದನ್ನು ಅಳಿಸಿದವರಲ್ಲಿ ನಾನೂ ಒಬ್ಬ.

ಈಗ ಪಿಎಚ್.ಡಿ. ಮಾಡುತ್ತಿರುವಾಗ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಹಿಂದೆ ಹಿಂದೆ ಹೋದಷ್ಟೂ ಕತ್ತಲು, ಹತ್ತಿರ ಬಂದಷ್ಟೂ ಬೆಳಕು ಎಂಬುದು ನಮ್ಮ ಓದಿನ ರೂಢಿ. ರೂಪಕುಂಡದಲ್ಲಿ ಅದು ತಲೆಕೆಳಗು. ಸಾವಿರದ ಇನ್ನೂರು ವರ್ಷದ ಹಿಂದೆ ಸತ್ತವರಿಗೆ ಒಂದು ಹಾಡಿದೆ. ಕನೌಜಿನ ರಾಜ ಇದ್ದನೋ ಇಲ್ಲವೋ, ಗಂಡಸರೂ ಹೆಂಗಸರೂ ಕೂಡಿ ಈ ದಾರಿಯಲ್ಲಿ ಯಾತ್ರೆ ಹೊರಟಿದ್ದರು, ಆಲಿಕಲ್ಲಿಗೆ ಸಿಕ್ಕರು ಎಂಬಷ್ಟನ್ನು ಆ ಹಾಡು ಉಳಿಸಿಕೊಂಡಿದೆ. ಸುಮಾರು 1800ರಲ್ಲಿ ಸತ್ತವರಿಗೆ ಹಾಡೂ ಇಲ್ಲ, ಕಾಗದವೂ ಇಲ್ಲ.

ಅದು ಕಾಗದಗಳಿಲ್ಲದ ಕಾಲವೇನಲ್ಲ. 1804ರಲ್ಲಿ ಗೂರ್ಖರು ಗಢವಾಲನ್ನು ಗೆದ್ದರು. 1815ರಲ್ಲಿ ಇಂಗ್ಲಿಷರು ಅವರನ್ನು ಓಡಿಸಿದರು. ಅದರ ಬೆನ್ನಿಗೇ ಟ್ರೇಲ್ ಎಂಬ ಅಧಿಕಾರಿ ಕುಮಾಊಂ ಸೀಮೆಯ ಹೊಲ, ಕಂದಾಯ, ಕಣಿವೆಗಳ ಲೆಕ್ಕ ಬರೆಯತೊಡಗಿದ. ಉತ್ತರ ಭಾರತದಲ್ಲಿ ಗ್ರೀಕರೂ ಆಗ ಇದ್ದರು. ಕಲ್ಕತ್ತೆಯಲ್ಲಿ ಗ್ರೀಕ್ ವರ್ತಕರಿದ್ದರು. ದಿಮಿತ್ರಿಯೋಸ್ ಗಲಾನೋಸ್ ಎಂಬ ವಿದ್ವಾಂಸ 1793ರಿಂದ ಕಾಶಿಯಲ್ಲಿ ನೆಲೆಸಿ, ಸಂಸ್ಕೃತ ಕಲಿತು, 1833ರಲ್ಲಿ ಅಲ್ಲೇ ತೀರಿಕೊಂಡ. ಅವನಿಗೆ ಸಮಾಧಿ ಇದೆ, ಅವನ ಅನುವಾದಗಳಿವೆ. ಆದರೆ ಗ್ರೀಸಿನ ಕಡೆಯ ಹದಿನಾಲ್ಕು ಜನ, ಹೆಂಗಸರೂ ಸೇರಿ, ಐದು ಸಾವಿರ ಮೀಟರ್ ಎತ್ತರದ ಹಿಂದೂ ಯಾತ್ರೆಯ ದಾರಿಗೆ ಏಕೆ ಬಂದರು ಎಂದು ಹೇಳುವ ಒಂದೇ ಒಂದು ಸಾಲು ಈವರೆಗೆ ಸಿಕ್ಕಿಲ್ಲ. ಅವರು ಯಾರ ಮನೆಮಕ್ಕಳೂ ಆಗಿರಲಿಲ್ಲ, ಹಾಗಾಗಿ ಹಾಡಲಿಲ್ಲ. ಯಾರಿಗೂ ಕಂದಾಯ ಕಟ್ಟಬೇಕಿರಲಿಲ್ಲ, ಹಾಗಾಗಿ ಬರೆಯಲಿಲ್ಲ. ನಾವು ಪತ್ರಾಗಾರ ಎಂದು ನೆಚ್ಚುವುದು ಬಹುಮಟ್ಟಿಗೆ ಇಷ್ಟೇ: ಯಾರಿಗೋ ಲೆಕ್ಕಕ್ಕೆ ಬೇಕಾದವರ ಪಟ್ಟಿ.

2018ರ ಆಗಸ್ಟಿನಲ್ಲಿ ಉತ್ತರಾಖಂಡದ ಹೈಕೋರ್ಟು ಬುಗಿಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ನಾನು ಹೋದಂಥ ಚಾರಣಗಳಿಗೆ ಅಲ್ಲಿಗೆ ಕಡಿವಾಣ ಬಿತ್ತು. ಆ ದಾರಿಯನ್ನು ನೆಚ್ಚಿ ಬದುಕುತ್ತಿದ್ದ ಹಳ್ಳಿಗಳಿಗೆ ಅದು ಹೊಟ್ಟೆಯ ಮೇಲೆ ಬಿದ್ದ ಏಟು. ನಮ್ಮ ಮಾರ್ಗದರ್ಶಕರಿಗೂ ಹಾಗೇ ಆಗಿರಬೇಕು. ಮೂಳೆ ಮುಟ್ಟದೆ ನಿಂತಿದ್ದವರು ದಂಡ ಕಟ್ಟಿದರು. ಮುಟ್ಟಿದ ನಾನು ಊರಿಗೆ ಬಂದು ಸಂಶೋಧಕನಾದೆ.

ಫೋಟೋ ಅಳಿಸಿಲ್ಲ. ನನ್ನ ಪ್ರಬಂಧದ ಅಧ್ಯಾಯವೊಂದು ಸಲೀಸಾಗಿ ಮುಗಿಯುತ್ತಿದೆ, ಎಲ್ಲ ಸಾಕ್ಷ್ಯವೂ ಒಂದೇ ಕಡೆ ಬೆರಳು ತೋರಿಸುತ್ತಿದೆ ಅನ್ನಿಸಿದಾಗ ಅದನ್ನು ತೆರೆದು ನೋಡುತ್ತೇನೆ. ಆಮೇಲೆ ಅಧ್ಯಾಯವನ್ನು ಮೊದಲಿನಿಂದ ಓದುತ್ತೇನೆ.