ಮನೆಯಲ್ಲಿ ಉಳಿದ ದನಿ

ಬಾನುಲಿಯಲ್ಲಿ ಮಾತನಾಡುವವನಿಗೆ ತನ್ನ ಮಾತು ಗಾಳಿಗೆ ಹೋಗುತ್ತದೆಂಬ ಅರಿವು ಸದಾ ಇರುತ್ತದೆ. ಅಚ್ಚಾದುದನ್ನು ಮತ್ತೆ ತೆರೆದು ಓದಬಹುದು. ಪ್ರಸಾರವಾದ ದನಿಯನ್ನು ಯಾರಾದರೂ ಹಿಡಿದಿಟ್ಟಿದ್ದರೆ ಮಾತ್ರ ಮತ್ತೆ ಕೇಳಬಹುದು. ಆ ಕೆಲಸವನ್ನು ಪ್ರಸಾರ ಸಂಸ್ಥೆಗಳು ಮಾಡುತ್ತವೆಂದು ನಾವು ನಂಬುತ್ತೇವೆ. ಈ ನಂಬಿಕೆಗೆ ಇತಿಹಾಸದ ಆಧಾರ ಅಷ್ಟಾಗಿ ಇಲ್ಲ.

ಬ್ರಿಟನ್ನಿನ ಬಿಬಿಸಿಯನ್ನೇ ನೋಡೋಣ. 1960 ಮತ್ತು 70ರ ದಶಕಗಳಲ್ಲಿ ವಿಡಿಯೋ ಸುರುಳಿ ದುಬಾರಿ ವಸ್ತು. ಒಮ್ಮೆ ತೋರಿಸಿದ್ದನ್ನು ಅಳಿಸಿ ಅದೇ ಸುರುಳಿಯ ಮೇಲೆ ಇನ್ನೊಂದನ್ನು ಮುದ್ರಿಸುತ್ತಿದ್ದರು. 1963ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಅನೇಕ ಕಂತುಗಳು ಹೀಗೆ ಕಳೆದುಹೋದವು. ಚಿತ್ರ ಹೋಯಿತು, ಆದರೆ ಕಳೆದ ಒಂದೊಂದು ಕಂತಿನ ಧ್ವನಿಯೂ ಇಂದು ಉಳಿದಿದೆ. ಕೆಲವು ವೀಕ್ಷಕರು ಟೆಲಿವಿಷನ್ನಿನ ಮುಂದೆ ಮೈಕು ಹಿಡಿದೋ ತಂತಿ ಜೋಡಿಸಿಯೋ ಮನೆಯ ಟೇಪ್ ರೆಕಾರ್ಡರಿನಲ್ಲಿ ಅದನ್ನು ಮುದ್ರಿಸಿಕೊಂಡಿದ್ದರು. ಮುಂದೆ ಬಿಬಿಸಿಯೇ ಆ ಸುರುಳಿಗಳಿಂದ ಧ್ವನಿಮುದ್ರಿಕೆಗಳನ್ನು ಸಿದ್ಧಪಡಿಸಿ ಮಾರಿತು!

ಆದರೆ ಇಂಥ ಮುದ್ರಣ ನ್ಯಾಯವೇ? ಅಮೆರಿಕದಲ್ಲಿ ಚಿತ್ರಸಂಸ್ಥೆಗಳು ಸೋನಿ ಕಂಪನಿಯ ವಿಡಿಯೋ ಯಂತ್ರದ ವಿರುದ್ಧ ದಾವೆ ಹೂಡಿದ್ದವು. ಬಿಡುವಾದಾಗ ನೋಡಲೆಂದು ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದು 1984ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಐವರು ನ್ಯಾಯಮೂರ್ತಿಗಳು ಹೌದೆಂದರು, ನಾಲ್ವರು ಅಲ್ಲವೆಂದರು. ಒಂದೇ ಮತದ ಅಂತರದ ಮೇಲೆ ನಿಂತ ಹಕ್ಕು ಅದು.

1995ರಲ್ಲಿ ಸಿಯಾಟಲ್ ನಗರದ ಒಂದು ಕಂಪನಿ ‘ರಿಯಲ್‌ಆಡಿಯೋ’ವನ್ನು ಹೊರತಂದಾಗ ಪ್ರಸಾರದ ರೀತಿಯೇ ಬದಲಾಯಿತು. ಧ್ವನಿ ಟೆಲಿಫೋನ್ ತಂತಿಯಲ್ಲಿ ತುಣುಕು ತುಣುಕಾಗಿ ಹರಿದು ಬಂದು, ಗಣಕದಲ್ಲಿ ಕೊಂಚ ಹೊತ್ತು ತಂಗಿ, ನುಡಿದು, ಅಳಿಯುತ್ತಿತ್ತು. ನಕಲಿಗೆ ಅನುಮತಿ ಕೊಡುವ ಅಥವಾ ತಡೆಯುವ ಗುಂಡಿ ಹಕ್ಕಿನ ಒಡೆಯನ ಕೈಯಲ್ಲಿತ್ತು. ‘ಸ್ಟ್ರೀಮ್‌ಬಾಕ್ಸ್’ ಎಂಬ ಇನ್ನೊಂದು ಕಂಪನಿಯ ತಂತ್ರಾಂಶ ಆ ತಡೆಯನ್ನು ಲೆಕ್ಕಿಸದೆ ಹರಿವನ್ನು ಹಿಡಿದಿಟ್ಟಿತು. ಅದು 1984ರ ತೀರ್ಪಿನ ಆಸರೆ ಬೇಡಿತು. 2000ದ ಜನವರಿಯಲ್ಲಿ ಸಿಯಾಟಲ್ಲಿನ ನ್ಯಾಯಾಲಯ ಅದನ್ನು ಒಪ್ಪದೆ ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಅಂದು ಅನೇಕ ಒಡೆಯರು ಮುದ್ರಣವನ್ನು ಆಕ್ಷೇಪಿಸಿರಲಿಲ್ಲ, ಇಲ್ಲಿ ಅವರೇ ಬೇಡವೆಂದಿದ್ದಾರೆ ಎಂಬುದು ಅದರ ತರ್ಕ.

ಹಾಡುವವನಿಗೂ ಬರೆದವನಿಗೂ ಪ್ರತಿಫಲ ಸಲ್ಲಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಆ ತರ್ಕ ಅರ್ಧದಲ್ಲಿ ನಿಂತಿತೆಂದೇ ನನ್ನ ಅನಿಸಿಕೆ. ಒಡೆಯನೇ ಅಳಿಸಿಬಿಟ್ಟರೆ ಮುಂದೇನು ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಬಿಬಿಸಿಯ ಕಪಾಟುಗಳಲ್ಲಿ ನಡೆದದ್ದು ಅದೇ ಅಲ್ಲವೆ?

ಎಷ್ಟೇ ಬೀಗ ಹಾಕಿದರೂ ಧ್ವನಿ ಕೊನೆಗೆ ಅಲೆಯಾಗಿ ಕಿವಿಯನ್ನು ಮುಟ್ಟಲೇಬೇಕು. ಧ್ವನಿವರ್ಧಕಕ್ಕೆ ಹೋಗುವ ಆ ದಾರಿಯಲ್ಲಿ ಅದನ್ನು ಬರೆದುಕೊಳ್ಳಲು 2000ದಲ್ಲಿ ಹೊರಬಂದ ‘ಆಡಾಸಿಟಿ’ಯಂಥ ಉಚಿತ ತಂತ್ರಾಂಶ ಸಾಕು. ಹಾಗೆ ಒಂದು ಗಂಟೆಯ ಭಾಷಣವನ್ನು ಹಿಡಿಯಲು ಒಂದು ಗಂಟೆಯೇ ಬೇಕು. ಸುರುಳಿಯ ಕಾಲದಲ್ಲೂ ಹಾಗೆಯೇ ಇತ್ತು.