ಗಂಡನ ಮನೆ ಬಿಟ್ಟು, ಗಂಡನ ಹೆಸರು ಹೊತ್ತು

ಆನಿ ಬೆಸೆಂಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಹೈಸ್ಕೂಲಿನ ಸಮಾಜ ಪಾಠದ ಎರಡು ಅಂಕದ ಪ್ರಶ್ನೆ. ಹೋಂ ರೂಲ್ ಚಳವಳಿ, 1917ರ ಕಾಂಗ್ರೆಸ್ ಅಧ್ಯಕ್ಷೆ, ಥಿಯಾಸಾಫಿಕಲ್ ಸೊಸೈಟಿ ಎಂದು ಬರೆದರೆ ಉತ್ತರ ಮುಗಿಯಿತು. ಮಂಗಳೂರಿನಲ್ಲಿ ಬೆಸೆಂಟ್ ಹೆಸರಿನ ಶಾಲೆಗಳಿವೆ, ಚೆನ್ನೈನಲ್ಲಿ ಬೆಸೆಂಟ್ ನಗರವೆಂಬ ಬಡಾವಣೆಯೇ ಇದೆ. ಆದರೆ 'ಬೆಸೆಂಟ್' ಎನ್ನುವುದು ಆಕೆಯ ತವರಿನ ಹೆಸರಲ್ಲ. ಇಪ್ಪತ್ತಾರರ ಆಸುಪಾಸಿನಲ್ಲಿ ಆಕೆ ಬಿಟ್ಟು ಬಂದ ಗಂಡನ ಹೆಸರು ಅದು. ವಿಚ್ಛೇದನ ಸಿಗಲಿಲ್ಲವಾದ್ದರಿಂದ ಅದು ಕೊನೆಯವರೆಗೂ ಆಕೆಯ ಜೊತೆಗೇ ಉಳಿಯಿತು, ನಮ್ಮ ಊರುಗಳ ಬೋರ್ಡುಗಳ ಮೇಲೂ ಬಂದು ಕೂತಿತು.

ಕಾಶಿಯ ಕಮಚ್ಛಾ ಬಡಾವಣೆಯಲ್ಲಿ ಆಕೆ ವಾಸವಿದ್ದ 'ಶಾಂತಿಕುಂಜ' ಎಂಬ ಮನೆಯಿದೆ. ಆಕೆಯ ಬದುಕಿನ ಇಸವಿಗಳನ್ನು, ಪ್ರಾಜೆಕ್ಟ್ ಪ್ಲಾನ್ ಹಾಕುವ ನನ್ನ ವೃತ್ತಿಯ ಅಭ್ಯಾಸದಂತೆ, ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿದಾಗ ಎರಡು ಕೋರ್ಟ್ ಕೇಸುಗಳು ಎದ್ದು ಕಂಡವು. ಒಂದು 1878ರದು, ಲಂಡನ್ನಿನಲ್ಲಿ. ಇನ್ನೊಂದು 1913ರದು, ಮದ್ರಾಸಿನಲ್ಲಿ. ಎರಡರಲ್ಲೂ ಪ್ರಶ್ನೆ ಒಂದೇ: ಮಕ್ಕಳು ಯಾರಿಗೆ ಸೇರಿದವರು? ಈ ಎರಡು ಕೇಸುಗಳ ನಡುವೆ ಕಾಶಿ ಇದೆ.

ಆನಿ ವುಡ್ ಹುಟ್ಟಿದ್ದು 1847ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ. ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಕೈಯಲ್ಲಿ ಕಾಸಿಲ್ಲದ ತಾಯಿ ಎಮಿಲಿ, ಹ್ಯಾರೋ ಎಂಬ ಊರಿನಲ್ಲಿ ಅಲ್ಲಿನ ದೊಡ್ಡ ಶಾಲೆಯ ಹುಡುಗರಿಗೆ ಊಟ ವಸತಿಯ ಮನೆ ನಡೆಸಿ ಮಗನನ್ನು ಅದೇ ಶಾಲೆಯಲ್ಲಿ ಓದಿಸಿದರು. ಮಗಳನ್ನು ಮಿಸ್ ಮೇರಿಯಟ್ ಎಂಬ ದಯಾವಂತ ಮಹಿಳೆ ತಮ್ಮ ಮನೆಯಲ್ಲಿಟ್ಟುಕೊಂಡು ಕಲಿಸಿದರು. ಮಗನ ಓದಿಗಾಗಿ ಇಡೀ ಮನೆ ದುಡಿಯುವುದು, ಮಗಳ ಓದು ಯಾರದೋ ಕೃಪೆಯಿಂದ ನಡೆಯುವುದು ನಮಗೇನೂ ಹೊಸ ಕತೆಯಲ್ಲ.

1867ರ ಡಿಸೆಂಬರಿನಲ್ಲಿ, ಇಪ್ಪತ್ತು ವರ್ಷದ ಆನಿಗೆ ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯೊಡನೆ ಮದುವೆಯಾಯಿತು. ಮದುವೆ ಎಂದರೇನೆಂದು ಯಾರೂ ತನಗೆ ಹೇಳಿರಲಿಲ್ಲ, ಏನೂ ತಿಳಿಯದ ಹುಡುಗಿಯನ್ನು ಹಾಗೆ ಕಳಿಸುವುದು ಕ್ರೌರ್ಯ ಎಂಬರ್ಥದ ಮಾತನ್ನು ಆಕೆ 1893ರ ಆತ್ಮಕತೆಯಲ್ಲಿ ಬರೆದಿದ್ದಾರೆ. 1869ರಲ್ಲಿ ಮಗ ಡಿಗ್ಬಿ, 1870ರಲ್ಲಿ ಮಗಳು ಮೇಬಲ್ ಹುಟ್ಟಿದರು. ಆಕೆ ಸಣ್ಣ ಕತೆ ಬರೆದು ಒಂದು ಪತ್ರಿಕೆಗೆ ಕಳಿಸಿ ಮೂವತ್ತು ಶಿಲಿಂಗ್ ಸಂಪಾದಿಸಿದರು. ಅದು ಜೀವನದ ಮೊದಲ ಗಳಿಕೆ. ಆಮೇಲೆ ಗೊತ್ತಾಯಿತು, ಹೆಂಡತಿ ದುಡಿದ ಹಣ ಕಾನೂನಿನ ಪ್ರಕಾರ ಗಂಡನದು. ಹೆಂಡತಿಯ ಸಂಪಾದನೆ ಹೆಂಡತಿಗೇ ಸೇರಬೇಕೆಂಬ ಕಾಯ್ದೆ ಇಂಗ್ಲೆಂಡಿನಲ್ಲಿ ಬಂದದ್ದು 1870ರಲ್ಲಿ.

1871ರಲ್ಲಿ ಹಸುಗೂಸು ಮೇಬಲ್‌ಗೆ ನಾಯಿಕೆಮ್ಮು ಬಂತು. ವಾರಗಟ್ಟಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಿಗೆ, ಈ ಕೂಸನ್ನು ಹೀಗೆ ನರಳಿಸುವ ದೇವರು ಎಂಥವನು ಎಂಬ ಪ್ರಶ್ನೆ ಹುಟ್ಟಿತು. ಪಾದ್ರಿಯ ಹೆಂಡತಿಗೆ ಹುಟ್ಟಬಾರದ ಪ್ರಶ್ನೆ ಅದು. ಮರುವರ್ಷ ಗಂಡನಿಗೆ ಲಿಂಕನ್‌ಶೈರಿನ ಸಿಬ್ಸಿ ಎಂಬ ಹಳ್ಳಿಯ ಚರ್ಚು ಸಿಕ್ಕಿತು. ಕೂಲಿಯವರು ಸಂಘ ಕಟ್ಟಿದರೆ ಕೆಲಸವೂ ಹೋಗುತ್ತದೆ, ತಲೆಯ ಮೇಲಿನ ಸೂರೂ ಹೋಗುತ್ತದೆ ಎಂಬುದನ್ನು ಆಕೆ ಕಣ್ಣಾರೆ ಕಂಡದ್ದು ಅಲ್ಲಿ. ಮನೆಯೊಳಗೆ ಜಗಳ ಹೆಚ್ಚಿತು. ಗಂಡ ತನ್ನನ್ನು ಹೊಡೆಯುತ್ತಿದ್ದ ಎಂದು ಆಕೆ ಮುಂದೆ ಕೋರ್ಟಿನಲ್ಲಿ ಆರೋಪಿಸಿದರು, ಫ್ರಾಂಕ್ ಒಪ್ಪಲಿಲ್ಲ. ಕೊನೆಗೆ ಮುರಿದದ್ದು ಚರ್ಚಿನ ವಿಷಯಕ್ಕೆ. ನಂಬಿಕೆಯಿಲ್ಲದ ಪ್ರಸಾದವನ್ನು ಸ್ವೀಕರಿಸಲಾರೆ ಎಂದು ಆಕೆ ಹೇಳಿದರು. ಸ್ವೀಕರಿಸು, ಇಲ್ಲವೇ ಮನೆ ಬಿಡು ಎಂಬ ಉತ್ತರ ಬಂತು. 1873ರಲ್ಲಿ ಆಕೆ ಮನೆ ಬಿಟ್ಟರು.

ಬೇರ್ಪಡೆಯ ಕರಾರು ಆಯಿತು. ಮಗ ತಂದೆಗೆ, ಮಗಳು ತಾಯಿಗೆ, ವರ್ಷಕ್ಕೆ 110 ಪೌಂಡ್ ಜೀವನಾಂಶ. ವಿಚ್ಛೇದನದ ಮಾತು ದೂರ. 1857ರ ಕಾಯ್ದೆಯಂತೆ ಹೆಂಡತಿಯ ಹಾದರವೊಂದನ್ನು ರುಜುವಾತು ಮಾಡಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿ ಕೇಳಿದರೆ ಹಾದರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಕೂಡ ತೋರಿಸಬೇಕಿತ್ತು. ಇಲ್ಲಿ ಹಾದರದ ಮಾತೇ ಇರಲಿಲ್ಲ, ಕರಾರಿಗೆ ಸಹಿ ಹಾಕಿದ ಮೇಲೆ ಕ್ರೌರ್ಯದ ದೂರಿಗೂ ಬೆಲೆ ಉಳಿಯಲಿಲ್ಲ.

ಮುಂದಿನ ದಿನಗಳು ಶುದ್ಧ ಬಡತನದವು. ಕಸೂತಿ ಕೆಲಸ ಮಾಡಿ ಆಕೆ ಗಳಿಸಿದ್ದು ನಾಲ್ಕೂವರೆ ಶಿಲಿಂಗ್. ಒಂದು ಪಾದ್ರಿ ಕುಟುಂಬದಲ್ಲಿ ಅಡುಗೆ, ಶುಶ್ರೂಷೆ, ಮಕ್ಕಳ ಪಾಠ ಎಲ್ಲವನ್ನೂ ಮಾಡಿದರು. ಊಟ ಹೊರಗೆ ಆಗುತ್ತದೆ ಎಂದು ಮನೆಯಲ್ಲಿ ಹೇಳಿ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಓದುತ್ತಾ ಆ ಊಟವನ್ನೇ ತಪ್ಪಿಸಿದ ದಿನಗಳಿದ್ದವು. ಹುಟ್ಟಿನಿಂದ ಆಕೆ ಕಾರ್ಮಿಕ ವರ್ಗದವರಲ್ಲ. ಆದರೆ ಗಂಡನ ಆಸರೆ ತಪ್ಪಿದ ಹೆಂಗಸು ಎಷ್ಟು ಬೇಗ ಆ ಸಾಲಿಗೆ ಬಂದು ನಿಲ್ಲುತ್ತಾಳೆಂಬುದು ಆಕೆಗೆ ಪುಸ್ತಕದಿಂದ ತಿಳಿದದ್ದಲ್ಲ.

1877ರಲ್ಲಿ ಆಕೆ ಮತ್ತು ನಾಸ್ತಿಕ ನಾಯಕ ಚಾರ್ಲ್ಸ್ ಬ್ರ್ಯಾಡ್ಲಾ ಸೇರಿ, ಸಂತಾನ ನಿಯಂತ್ರಣದ ಬಗ್ಗೆ ಅಮೆರಿಕದ ವೈದ್ಯ ಚಾರ್ಲ್ಸ್ ನೋಲ್ಟನ್ ಬರೆದ ಹಳೆಯ ಕಿರುಹೊತ್ತಗೆಯನ್ನು ಮತ್ತೆ ಅಚ್ಚು ಹಾಕಿಸಿ ಆರು ಪೆನ್ನಿಗೆ ಮಾರಿದರು. ಕಾರ್ಖಾನೆಯ ಹೆಂಗಸಿನ ಕೈಗೂ ಎಟುಕುವ ಬೆಲೆ ಅದು. ಅಶ್ಲೀಲತೆಯ ಮೊಕದ್ದಮೆ ಬಿತ್ತು. ಆಕೆ ವಕೀಲರಿಲ್ಲದೆ ತಾವೇ ನಿಂತು, ತಾನು ಬಡವರ ಪರವಾಗಿ ಮಾತಾಡುತ್ತಿದ್ದೇನೆ ಎಂದು ವಾದಿಸಿದರು. ಆರು ತಿಂಗಳ ಸಜೆ, 200 ಪೌಂಡ್ ದಂಡ. ಮರುವರ್ಷ ತಾಂತ್ರಿಕ ಲೋಪದ ಮೇಲೆ ತೀರ್ಪು ರದ್ದಾಯಿತು.

ಜೈಲು ತಪ್ಪಿತು, ಮಗಳು ತಪ್ಪಿಹೋದಳು. ಇಂಥ ನಾಸ್ತಿಕಳ ಬಳಿ ಮಗು ಇರಬಾರದು ಎಂದು ಫ್ರಾಂಕ್ 1878ರಲ್ಲಿ ಅರ್ಜಿ ಹಾಕಿದ. ಆ ಕಾಲದ ಕಾನೂನಿನಲ್ಲಿ ಮಕ್ಕಳು ಮೂಲತಃ ತಂದೆಯವರು. 1839ರ ಕಾಯ್ದೆಯಿಂದ ಏಳು ವರ್ಷದೊಳಗಿನ ಮಕ್ಕಳನ್ನು ತಾಯಿ ಕೋರಬಹುದಿತ್ತು. 1873ರ ಕಾಯ್ದೆ ಆ ವಯಸ್ಸನ್ನು ಹದಿನಾರಕ್ಕೆ ಏರಿಸಿ, ಬೇರ್ಪಡೆಯ ಕರಾರಿಗೂ ಬೆಲೆ ಕೊಟ್ಟಿತ್ತು. ಆದರೆ ಅದು ಮಗುವಿಗೆ ಹಿತವಲ್ಲ ಎಂದು ಕೋರ್ಟಿಗೆ ಅನಿಸಿದರೆ ಕರಾರು ನಿಲ್ಲುತ್ತಿರಲಿಲ್ಲ. ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್ ಅವರಿಗೆ ಹಾಗೆಯೇ ಅನಿಸಿತು. ಧರ್ಮ ಬಿಟ್ಟ, ಅಂಥ ಪುಸ್ತಕ ಮಾರಿದ ಹೆಂಗಸಿನ ಮನೆಯಲ್ಲಿ ಬೆಳೆದರೆ ಹುಡುಗಿಯ ಭವಿಷ್ಯ ಹಾಳು ಎಂಬುದು ತೀರ್ಪಿನ ಧಾಟಿ. ಜ್ವರದಿಂದ ಎದ್ದು ಇನ್ನೂ ನಿತ್ರಾಣಳಾಗಿದ್ದ, ಎಂಟು ತುಂಬದ ಮೇಬಲ್ ಕಿರುಚುತ್ತಿದ್ದಂತೆಯೇ ತಂದೆಯ ಕಡೆಯವರು ಎತ್ತಿಕೊಂಡು ಹೋದದ್ದನ್ನು ಆನಿ ಆತ್ಮಕತೆಯಲ್ಲಿ ಬರೆದಿದ್ದಾರೆ. ಮಗುವಿಗೆ ಏನು ಬೇಕು ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಮೇಲ್ಮನವಿಯಲ್ಲಿ ಮಕ್ಕಳನ್ನು ನೋಡುವ ಅವಕಾಶ ಮಾತ್ರ ಸಿಕ್ಕಿತು. ಪ್ರತಿ ಭೇಟಿಯೂ ಮಕ್ಕಳನ್ನು ಹಿಂಡುವುದನ್ನು ಕಂಡು, ಅವರು ದೊಡ್ಡವರಾಗಿ ತಾವೇ ನಿರ್ಧರಿಸಲಿ ಎಂದು ಆಕೆ ದೂರ ನಿಂತರು. ಸುಮಾರು ಹತ್ತು ವರ್ಷಗಳ ನಂತರ ಇಬ್ಬರೂ ತಾಯಿಯ ಬಳಿಗೆ ಬಂದರು.

ಮಕ್ಕಳಿಲ್ಲದ ಆ ವರ್ಷಗಳಲ್ಲಿಯೇ, 1888ರಲ್ಲಿ, ಲಂಡನ್ನಿನ ಬ್ರ್ಯಾಂಟ್ ಅಂಡ್ ಮೇ ಬೆಂಕಿಪೊಟ್ಟಣ ಕಾರ್ಖಾನೆಯ ಹುಡುಗಿಯರ ಕೂಲಿ, ದಂಡ, ರಂಜಕದಿಂದ ಬರುವ ದವಡೆಯ ರೋಗ ಇವುಗಳ ಬಗ್ಗೆ ಆಕೆ ಬರೆದರು. ಸುಮಾರು 1400 ಹೆಂಗಸರು ಕೆಲಸ ನಿಲ್ಲಿಸಿದರು. ಮುಷ್ಕರ ಹೂಡಿದ್ದು ಅವರೇ, ಹಣ ಕೂಡಿಸಿ ಸಂಘ ಕಟ್ಟಲು ಜೊತೆ ನಿಂತದ್ದು ಆನಿ. ಅವರು ಗೆದ್ದರು. ಮರುವರ್ಷ ಆಕೆ ಮೇಡಂ ಬ್ಲಾವಟ್ಸ್ಕಿಯವರ ಗ್ರಂಥ ಓದಿ ಥಿಯಾಸಾಫಿಗೆ ತಿರುಗಿದರು. 1893ರ ನವೆಂಬರಿನಲ್ಲಿ ಭಾರತಕ್ಕೆ ಬಂದಿಳಿದರು, ಕಾಶಿಯಲ್ಲಿ ನೆಲೆ ನಿಂತರು.

ಕಾಶಿಯಲ್ಲಿ ಆಕೆಗೆ ಜೊತೆಯಾದವರು ಪಂಡಿತ ಭಗವಾನ್ ದಾಸ್. 1895ರಲ್ಲಿ ಆಕೆಯ ಗೀತೆಯ ಇಂಗ್ಲಿಷ್ ಅನುವಾದ ಬಂತು. 1898ರಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ತೆರೆಯಿತು. ಕಾಶಿಯ ಮಹಾರಾಜ ಪ್ರಭುನಾರಾಯಣ ಸಿಂಗ್ ಕಮಚ್ಛಾದಲ್ಲಿ ಜಾಗ ಕೊಟ್ಟರು. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬುನಾದಿಯಾದದ್ದು ಇದೇ ಕಾಲೇಜು. 1904ರಲ್ಲಿ ಹೆಣ್ಣುಮಕ್ಕಳ ಶಾಲೆಯೂ ಶುರುವಾಯಿತು. ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ಮಾಡಬಾರದೆಂದು ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಕಾಯ್ದೆಯನ್ನೇ ತರಬೇಕಾಗಿ ಬಂದಿದ್ದ ಕಾಲ ಅದು. ಅಂಥಲ್ಲಿ ಹುಡುಗಿಯರನ್ನು ಶಾಲೆಗೆ ಕರೆಯುವುದು ಸಣ್ಣ ಮಾತಲ್ಲ.

ಆದರೆ ಆ ಶಾಲೆಯ ಬಗ್ಗೆ ಆಕೆ ಬರೆದದ್ದನ್ನು ಓದಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಭಾರತದ ಹೆಣ್ಣುಮಕ್ಕಳ ಶಿಕ್ಷಣ ಅವರನ್ನು ಒಳ್ಳೆಯ ಹೆಂಡತಿಯರನ್ನಾಗಿ, ತಾಯಂದಿರನ್ನಾಗಿ ಸಿದ್ಧಗೊಳಿಸಬೇಕು, ಗಂಡಸರೊಡನೆ ಉದ್ಯೋಗಕ್ಕೆ ಪೈಪೋಟಿ ಮಾಡುವಂತಲ್ಲ ಎಂಬುದು ಆಗಿನ ಆಕೆಯ ನಿಲುವು. ಥಿಯಾಸಾಫಿಗೆ ಬಂದ ಮೇಲೆ, ಸಂತಾನ ನಿಯಂತ್ರಣದ ಬಗ್ಗೆ ತಾವೇ ಬರೆದಿದ್ದ ಪುಸ್ತಕವನ್ನೂ ಹಿಂದಕ್ಕೆ ಪಡೆದಿದ್ದರು. ಸಂಪ್ರದಾಯಸ್ಥರ ಊರಿನಲ್ಲಿ ಶಾಲೆ ನಡೆಯಬೇಕಾದರೆ ಹೀಗೆಯೇ ಮಾತಾಡಬೇಕಿತ್ತು ಎನ್ನಬಹುದು. ನನಗೆ ಅಷ್ಟೇ ಎನಿಸುವುದಿಲ್ಲ. ಸಿಬ್ಸಿಯಲ್ಲಿ ತನಗೆ ಸಿಗದ ಗೌರವದ ಸಂಸಾರ ಇಲ್ಲಿನ ಹಳೆಯ ಗ್ರಂಥಗಳಲ್ಲಿ ಇದೆ ಎಂದು ಆಕೆ ನಿಜವಾಗಿ ನಂಬಿದ್ದರು. ಗ್ರಂಥದ ಗೃಹಿಣಿಗೂ ಕಾಶಿಯ ಗಲ್ಲಿಯೊಳಗಿನ ಗೃಹಿಣಿಗೂ ಇರುವ ಅಂತರ ಕಾಣಲು ವರ್ಷಗಳೇ ಹಿಡಿದವು. 1913ರ ಹೊತ್ತಿಗೆ ಆಕೆ ಬಾಲ್ಯವಿವಾಹದ ವಿರುದ್ಧ ಮದ್ರಾಸಿನಲ್ಲಿ ಬಹಿರಂಗವಾಗಿ ಉಪನ್ಯಾಸ ಮಾಡುತ್ತಿದ್ದರು.

ಅದೇ 1913ರಲ್ಲಿ ಎರಡನೆಯ ಕೇಸು. ಅಡಯಾರಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದ ನಾರಾಯಣಯ್ಯ ಎಂಬವರ ಮಕ್ಕಳು ಕೃಷ್ಣಮೂರ್ತಿ ಮತ್ತು ನಿತ್ಯಾನಂದ, ತಾಯಿಯಿಲ್ಲದ ಹುಡುಗರು. ಮುಂದೆ ಜೆ. ಕೃಷ್ಣಮೂರ್ತಿ ಎಂದು ಲೋಕಕ್ಕೆ ತಿಳಿದವರು ಈ ಹಿರಿಯ ಹುಡುಗನೇ. ಆತ ಜಗದ್ಗುರುವಾಗುವನೆಂದು ನಂಬಿದ ಆನಿ, 1910ರಲ್ಲಿ ತಂದೆಯಿಂದ ಪೋಷಕತ್ವದ ಪತ್ರ ಬರೆಸಿಕೊಂಡರು. 1911ರ ಡಿಸೆಂಬರಿನಲ್ಲಿ ಕಾಶಿಯ ಸಭೆಯೊಂದರಲ್ಲಿ ದೊಡ್ಡವರೆಲ್ಲ ಆ ಹುಡುಗನ ಕಾಲಿಗೆ ಬಿದ್ದರು. ಮಕ್ಕಳನ್ನು ಇಂಗ್ಲೆಂಡಿಗೆ ಕರೆದೊಯ್ದದ್ದಾಯಿತು. ಮಗನನ್ನು ದೇವರು ಮಾಡಿರುವುದೂ, ಅವನ ಸುತ್ತಲಿನ ಕೆಲವರ ಸಹವಾಸವೂ ಒಪ್ಪಿಗೆಯಾಗದೆ ನಾರಾಯಣಯ್ಯ ಮಕ್ಕಳನ್ನು ವಾಪಸು ಕೇಳಿದರು. ಆನಿ ಕೊಡಲಿಲ್ಲ.

ಮದ್ರಾಸ್ ಹೈಕೋರ್ಟಿನಲ್ಲಿ ಆಕೆ ಮತ್ತೆ ತಾವೇ ವಾದಿಸಿದರು. ಈಗ ಮಕ್ಕಳನ್ನು ಕಳೆದುಕೊಂಡು ನಿಂತವರು ಒಬ್ಬ ತಂದೆ. ಹೈಕೋರ್ಟು ತಂದೆಯ ಪರ ತೀರ್ಪು ಕೊಟ್ಟಿತು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ತಿರುಗಿಸಿತು. ಹುಡುಗರು ಇಂಗ್ಲೆಂಡಿನಲ್ಲಿರುವಾಗ ಇಲ್ಲಿನ ಕೋರ್ಟಿಗೆ ಅಧಿಕಾರವಿಲ್ಲ, ಅವರ ಇಚ್ಛೆಯನ್ನೂ ಯಾರೂ ಕೇಳಿಲ್ಲ ಎಂದಿತು. ಮೇಬಲ್‌ಗೆ ಸಿಗದಿದ್ದ ಪ್ರಶ್ನೆ ಮೂವತ್ತಾರು ವರ್ಷದ ಮೇಲೆ ಇಬ್ಬರು ತೆಲುಗು ಹುಡುಗರಿಗೆ ಸಿಕ್ಕಿತು, ಅದರ ಲಾಭ ಆನಿಗಾಯಿತು. ಕಾಶಿಯಲ್ಲಿ ಮಾತ್ರ ಆಕೆ ಸೋತರು. ಈ ಜಗದ್ಗುರು ಪಂಥವನ್ನು ಭಗವಾನ್ ದಾಸ್ ಬಲವಾಗಿ ವಿರೋಧಿಸಿದರು, ಆಕೆಯ ಆಪ್ತರು ಕಾಲೇಜು ಬಿಟ್ಟರು.

ನಾರಾಯಣಯ್ಯನವರ ನೋವು ಆಕೆಗೆ ಅರ್ಥವಾಗಿರಲಿಲ್ಲವೆ? ಹೆತ್ತವರ ಕೈಯಿಂದ ಮಗು ಹೋಗುವುದೆಂದರೆ ಏನೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಆ ಕೋರ್ಟಿನಲ್ಲಿ ಇರಲಿಲ್ಲ. ತಾನು ಮಾಡುತ್ತಿರುವುದು ಮಕ್ಕಳ ಒಳಿತಿಗೆ ಎಂಬ ನಂಬಿಕೆ ಗಟ್ಟಿಯಾಗಿದ್ದರೆ ಎದುರಿನವರ ಕಣ್ಣೀರು ಕಾಣುವುದಿಲ್ಲ. ಜೆಸೆಲ್ ಅವರಿಗೂ ಅದೇ ನಂಬಿಕೆ ಇತ್ತು. ಇದರಿಂದ ಆಕೆಯ ದೊಡ್ಡತನ ಕುಗ್ಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅನ್ಯಾಯ ಉಂಡವರು ಅನ್ಯಾಯ ಮಾಡಲಾರರು ಎಂಬ ನಮ್ಮ ಲೆಕ್ಕ ಮಾತ್ರ ತಪ್ಪು.

ಮಕ್ಕಳು ಮೊದಲು ತಂದೆಗೆ ಸೇರಿದವರು ಎಂಬ ಮಾತು ವಿಕ್ಟೋರಿಯಾ ರಾಣಿಯ ಕಾಲಕ್ಕೇ ಮುಗಿಯಲಿಲ್ಲ. ಸ್ವತಂತ್ರ ಭಾರತದ 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ ಸಹ ಸಹಜ ಪೋಷಕ ತಂದೆ, 'ಅವನ ನಂತರ' ತಾಯಿ ಎಂದಿತು. ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಅವನು ಹೊಣೆ ಹೊರದಿದ್ದಾಗಲೂ ತಾಯಿ ಪೋಷಕಿಯೇ ಎಂದು ಅರ್ಥ ಹೇಳಿದ್ದು 1999ರಲ್ಲಿ. ಶಾಲೆಯ ಅರ್ಜಿಯಲ್ಲಿ, ಬ್ಯಾಂಕಿನ ಫಾರಮ್ಮಿನಲ್ಲಿ 'ತಂದೆಯ ಹೆಸರು' ಎಂಬ ಖಾಲಿ ಜಾಗದ ಮುಂದೆ ಪೆನ್ನು ಹಿಡಿದು ಕೂತ ಒಂಟಿ ತಾಯಂದಿರಿಗೆ ಇದು ಹಳೆಯ ಇತಿಹಾಸ ಎನಿಸಲಾರದು.

ಫ್ರಾಂಕ್ ಬೆಸೆಂಟ್ 1917ರಲ್ಲಿ, ಸಿಬ್ಸಿಯ ಪಾದ್ರಿಯಾಗಿಯೇ ತೀರಿಕೊಂಡ. ಅದೇ ವರ್ಷ ಆತನ ಹೆಸರು ಹೊತ್ತ ಹೆಂಡತಿ ಇಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದರು. 1933ರ ಸೆಪ್ಟೆಂಬರ್ 20ರಂದು ಆಕೆ ಅಡಯಾರಿನಲ್ಲಿ ತೀರಿಕೊಂಡಾಗ ಚಿತಾಭಸ್ಮದ ಒಂದು ಪಾಲನ್ನು ಕಾಶಿಗೆ ತಂದು ಗಂಗೆಯಲ್ಲಿ ಬಿಟ್ಟರು. ಕಮಚ್ಛಾದ ಹೆಣ್ಣುಮಕ್ಕಳ ಶಾಲೆ ಇಂದಿಗೂ ನಡೆಯುತ್ತಿದೆ. ಅಲ್ಲಿ ಓದುವ ಹುಡುಗಿಯರಿಗೆ ಹೋಂ ರೂಲ್ ಜೊತೆಗೆ ಮೇಬಲ್‌ಳ ಕತೆಯನ್ನೂ ಯಾರಾದರೂ ಹೇಳಬೇಕು.